ಬೀಸುವ ಕಲ್ಲು, ಫುಡ್ ಪ್ರೊಸೆಸರ್ ಮತ್ತು ದುಂದುವೆಚ್ಚದ ಪ್ರಶ್ನೆ

ಮನೆಗೊಂದು ಫುಡ್ ಪ್ರೊಸೆಸರ್ ಬೇಕೇ ಬೇಡವೇ ಎಂಬುದು ಮೇಲ್ನೋಟಕ್ಕೆ ಧರ್ಮದೊಂದಿಗೆ ಸಂಬಂಧವಿಲ್ಲದ ಪ್ರಶ್ನೆ. ಆದರೆ ನಮ್ಮ ಅನೇಕ ಮನೆಗಳಲ್ಲಿ ಗೃಹಿಣಿಯು ಈ ಮಾತನ್ನೆತ್ತಿದಾಗ ಸಿಗುವ ಉತ್ತರದಲ್ಲಿ ಧರ್ಮವೇ ಮೊದಲು ಬರುತ್ತದೆ. ಇದು ದುಂದುವೆಚ್ಚ, ಇದು ಇಸ್ರಾಫ್, ನಮ್ಮ ಉಮ್ಮಂದಿರು ಅರೆಯುವ ಕಲ್ಲಿನಲ್ಲಿಯೇ ಅರೆದು ಹದಿನೈದು ಮಂದಿಗೆ ಬಡಿಸಲಿಲ್ಲವೇ ಎಂದು ಹೇಳಿ ಮಾತು ಮುಗಿಸಲಾಗುತ್ತದೆ. ಅದೇ ಮನೆಯಲ್ಲಿ ಕೆಡದ ಮೊಬೈಲನ್ನು ಬದಲಾಯಿಸುವಾಗ ಅಥವಾ ಮದುವೆಯ ಸಭಾಂಗಣವನ್ನು ಒಂದು ಸಂಜೆಗಾಗಿ ಹೂವಿನಿಂದ ಸಿಂಗರಿಸುವಾಗ ಇಸ್ರಾಫ್ ಎಂಬ ಪದ ಯಾರಿಗೂ ನೆನಪಾಗುವುದಿಲ್ಲ. ಧರ್ಮದ ಅಳತೆಗೋಲನ್ನು ಅಡುಗೆಮನೆಗೆ ಮಾತ್ರ ಹಿಡಿಯುವುದು ಧರ್ಮನಿಷ್ಠೆಯಾಗದು. ಹಿಡಿಯುವುದಾದರೆ ಸರಿಯಾಗಿ ಹಿಡಿಯಬೇಕು.

ಆ ಅಳತೆಗೋಲು ಯಾವುದು? ಖರ್ಚು ಮಾಡುವಾಗ ಮಿತಿಮೀರದ, ಜಿಪುಣತನವನ್ನೂ ತೋರದ, ಇವೆರಡರ ನಡುವಿನ ದಾರಿಯಲ್ಲಿ ನಡೆಯುವವರನ್ನು ಕುರ್‌ಆನ್ ಕರುಣಾಮಯನ ದಾಸರೆಂದು ಪರಿಚಯಿಸಿದೆ (ಅಲ್ ಫುರ್ಕಾನ್: 67). ದುಂದುಗಾರರನ್ನು ಶೈತಾನನ ಸಹೋದರರೆಂದು ಎಚ್ಚರಿಸಿರುವ ಕುರ್‌ಆನ್ (ಅಲ್ ಇಸ್ರಾ: 27), ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಉತ್ತಮ ವಸ್ತುಗಳನ್ನು ನಿಷಿದ್ಧಗೊಳಿಸಿದವರಾರು ಎಂದೂ ಪ್ರಶ್ನಿಸಿದೆ (ಅಲ್ ಅಅ್‌ರಾಫ್: 32). ಹಾಗಾಗಿ ಒಂದು ವಸ್ತುವನ್ನು ದುಂದುವೆಚ್ಚವೆನ್ನಲು ಅದು ಹೊಸದು ಅಥವಾ ಸುಖಕರವಾದುದು ಎಂಬ ಕಾರಣ ಸಾಲದು. ಅದು ಯಾವ ಅಗತ್ಯವನ್ನು ಪೂರೈಸುತ್ತದೆ, ಯಾರ ಭಾರವನ್ನು ಇಳಿಸುತ್ತದೆ ಎಂಬುದನ್ನು ನೋಡಬೇಕು.

ಈ ಚರ್ಚೆಯಲ್ಲಿ ಹಝ್ರತ್ ಫಾತಿಮಾ(ರ)ರ ಘಟನೆಯನ್ನು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲಿಯೂ ಇದು ವರದಿಯಾಗಿದೆ. ಬೀಸುವ ಕಲ್ಲು ತಿರುಗಿಸಿ ಅವರ ಕೈಗಳು ನೋಯುತ್ತಿದ್ದವು. ಪ್ರವಾದಿವರ್ಯರ(ಸ) ಬಳಿಗೆ ಯುದ್ಧಬಂಧಿಗಳು ಬಂದಿರುವ ಸುದ್ದಿ ತಿಳಿದು, ಒಬ್ಬ ಸೇವಕರನ್ನು ಕೇಳಲು ಅವರು ಹೋದರು. ಪ್ರವಾದಿವರ್ಯರು(ಸ) ಮನೆಯಲ್ಲಿರದ ಕಾರಣ ಹಝ್ರತ್ ಆಯಿಶಾ(ರ)ರಲ್ಲಿ ಹೇಳಿ ಮರಳಿದರು. ರಾತ್ರಿ ಪ್ರವಾದಿವರ್ಯರೇ(ಸ) ಮಗಳ ಮನೆಗೆ ಬಂದು, ಮಲಗುವ ಮುನ್ನ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು. ಅದು ಸೇವಕರಿಗಿಂತಲೂ ಉತ್ತಮವೆಂದು ತಿಳಿಸಿದರು.

ಈ ಘಟನೆಯಿಂದ ನಾವು ಸಹನೆಯ ಪಾಠವನ್ನು ಮಾತ್ರ ತೆಗೆದುಕೊಂಡು, ಅದನ್ನೂ ಸ್ತ್ರೀಯರ ಪಾಲಿಗೆ ಮಾತ್ರ ಬಿಟ್ಟುಕೊಟ್ಟಿದ್ದೇವೆ. ಘಟನೆಯನ್ನು ಪೂರ್ಣವಾಗಿ ಓದಿದರೆ ಇನ್ನೂ ಹಲವು ಸಂಗತಿಗಳು ಕಾಣಸಿಗುತ್ತವೆ. ಮಗಳು ತನ್ನ ಕೈನೋವನ್ನು ಹೇಳಿಕೊಂಡದ್ದಕ್ಕೆ ಪ್ರವಾದಿವರ್ಯರು(ಸ) ಗದರಲಿಲ್ಲ. ಆಕೆಯ ಬೇಡಿಕೆಯನ್ನು ದುಂದುವೆಚ್ಚವೆಂದು ಕರೆಯಲಿಲ್ಲ. ಸೇವಕರನ್ನು ಕೊಡದಿರಲು, ಮಸೀದಿಯ ಸುಫ್ಫಾದಲ್ಲಿ ಹಸಿದ ಹೊಟ್ಟೆಯಲ್ಲಿದ್ದ ಬಡವರ ಹಕ್ಕು ಮೊದಲಿನದು ಎಂಬುದು ಕಾರಣವಾಗಿತ್ತೆಂದು ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿರುವ ವರದಿಯಿಂದ ತಿಳಿಯುತ್ತದೆ. ಅದೇ ವರದಿಯಲ್ಲಿ ಹಝ್ರತ್ ಅಲಿ(ರ)ಯವರು ನೀರು ಸೇದಿ ಸೇದಿ ತಮ್ಮ ಎದೆ ನೋಯುತ್ತಿದೆಯೆಂದು ಹೇಳಿಕೊಂಡದ್ದೂ ಇದೆ. ಪತ್ನಿ ಬೀಸುತ್ತಿದ್ದರೆ ಪತಿ ನೀರು ಸೇದುತ್ತಿದ್ದ ಮನೆ ಅದು. ಬಡವನ ಹಸಿವಿಗಾಗಿ ತಮ್ಮ ಸೌಕರ್ಯವನ್ನು ಬಿಟ್ಟುಕೊಟ್ಟವರು ಈ ಘಟನೆಯನ್ನು ಆಧಾರವಾಗಿ ತೋರಿಸಲಿ. ತಮ್ಮ ಸೌಕರ್ಯಗಳನ್ನೆಲ್ಲ ಉಳಿಸಿಕೊಂಡು ಪತ್ನಿಗೆ ಮಾತ್ರ ಇದನ್ನು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ.

ಫಿಕ್ಹ್ ಗ್ರಂಥಗಳು ಈ ವಿಷಯದಲ್ಲಿ ನಾವು ಭಾವಿಸಿರುವುದಕ್ಕಿಂತ ಸ್ಪಷ್ಟವಾಗಿವೆ. ಕರಾವಳಿಯ ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಮುಖ ಗ್ರಂಥವಾದ ಮಿನ್‌ಹಾಜುತ್ತಾಲಿಬೀನ್‌ನಲ್ಲಿ, ಹಿಜರಿ 676ರಲ್ಲಿ ನಿಧನರಾದ ಇಮಾಮ್ ನವವಿಯವರು ಜೀವನಾಂಶದ ಅಧ್ಯಾಯದಲ್ಲಿ ಪತಿಯ ಹೊಣೆಗಳನ್ನು ಒಂದೊಂದಾಗಿ ವಿವರಿಸಿದ್ದಾರೆ. ಧಾನ್ಯ ತಂದುಕೊಡುವುದರೊಂದಿಗೆ ಪತಿಯ ಕರ್ತವ್ಯ ಮುಗಿಯುವುದಿಲ್ಲ. ಅದನ್ನು ಬೀಸುವುದು ಮತ್ತು ರೊಟ್ಟಿ ಸುಡುವುದರ ವೆಚ್ಚವೂ ಹೆಚ್ಚು ಸರಿಯಾದ ಅಭಿಪ್ರಾಯದಂತೆ ಅವನ ಮೇಲಿದೆ. ಮಡಕೆ, ಬಟ್ಟಲು, ಹೂಜಿಯಂತಹ ಅಡುಗೆ ಮತ್ತು ಊಟದ ಪರಿಕರಗಳನ್ನು ಒದಗಿಸಬೇಕಾದವನೂ ಅವನೇ. ಮನೆಗೆಲಸದ ಕುರಿತು ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಅಡುಗೆಯ ಉಪಕರಣವೆಂದರೆ ಪತ್ನಿಯ ಮೇಲೆ ಪತಿ ತೋರುವ ಔದಾರ್ಯ ಎಂಬ ನಮ್ಮ ಧೋರಣೆಗೆ ಈ ಗ್ರಂಥದಲ್ಲಿ ಆಧಾರವಿಲ್ಲ. ಇದರರ್ಥ ಇಂದು ಪ್ರತಿಯೊಬ್ಬ ಪತಿಯೂ ಫುಡ್ ಪ್ರೊಸೆಸರ್ ಕೊಡಿಸಲೇಬೇಕೆಂದಲ್ಲ. ಅನುಕೂಲವುಳ್ಳವನು ಅದಕ್ಕನುಸಾರವಾಗಿ, ಸೀಮಿತ ವರಮಾನದವನು ತನಗೆ ದೊರೆತುದರಿಂದ ಖರ್ಚು ಮಾಡಲಿ ಎಂಬುದು ಕುರ್‌ಆನಿನ ನಿಲುವು (ಅತ್ತಲಾಕ್: 7).

ಇನ್ನು ಯಂತ್ರದ ವಿಷಯಕ್ಕೆ ಬರೋಣ. ಫುಡ್ ಪ್ರೊಸೆಸರ್ ಮೊದಲು ಫ್ರಾನ್ಸ್‌ನಲ್ಲಿ ಹೋಟೆಲುಗಳ ಅಡುಗೆಮನೆಗಾಗಿ ರೂಪುಗೊಂಡು, 1970ರ ದಶಕದಲ್ಲಿ ಮನೆಗಳಿಗೆ ಬಂದ ಸಾಧನ. ಹೆಚ್ಚು ಪ್ರಮಾಣದ ಅಡುಗೆಗೆಂದೇ ಹುಟ್ಟಿದ್ದು ಎಂಬುದನ್ನು ನೆನಪಿಟ್ಟರೆ ಅರ್ಧ ಉತ್ತರ ಸಿಕ್ಕಂತೆ. ಅದರ ಅಗಲವಾದ ಪಾತ್ರೆಯಲ್ಲಿ ನೀರು ಹಾಕದೆಯೇ ಈರುಳ್ಳಿ ಕೊಚ್ಚಬಹುದು, ಕ್ಯಾರೆಟ್ ತುರಿಯಬಹುದು, ಎಲೆಕೋಸು ಹೆಚ್ಚಬಹುದು, ಚಪಾತಿ ಹಿಟ್ಟು ನಾದಬಹುದು. ಎಲುಬಿಲ್ಲದ ಮಾಂಸದಿಂದ ಖೀಮಾ, ಬೇಯಿಸಿದ ಕಡಲೆಬೇಳೆ ಮತ್ತು ಮಾಂಸದಿಂದ ಶಾಮಿ ಕಬಾಬಿನ ಮಿಶ್ರಣ ತಯಾರಿಸಬಹುದು. ಆದರೆ ಮೀನು ಸಾರಿಗೆ ಬೇಕಾದ ನುಣ್ಣನೆಯ ತೆಂಗಿನಕಾಯಿ ಮಸಾಲೆಯನ್ನು ಅದರ ಅಗಲ ಪಾತ್ರೆ ಅರೆದುಕೊಡುವುದಿಲ್ಲ. ಅದಕ್ಕೆ ಮಿಕ್ಸಿಯ ಜಾರೇ ಬೇಕು. ದೋಸೆ ಹಿಟ್ಟಿಗೆ ಗ್ರೈಂಡರ್‌ಗೆ ಸಮನಾದುದಿಲ್ಲ. ಆದ್ದರಿಂದ ಮೂರು ನಾಲ್ಕು ಮಂದಿಯ, ದಿನಕ್ಕೆರಡು ಈರುಳ್ಳಿ ಹೆಚ್ಚುವ, ನಿತ್ಯವೂ ಅನ್ನ ಮತ್ತು ಸಾರು ಮಾಡುವ ಮನೆಗೆ ಮಿಕ್ಸಿ ಮತ್ತು ಹರಿತವಾದ ಒಂದು ಚಾಕು ಸಾಕು. ಅಲ್ಲಿ ಈ ಯಂತ್ರ ಕಪಾಟಿನಲ್ಲಿ ಧೂಳು ತಿನ್ನುವುದೇ ಹೆಚ್ಚು. ಹತ್ತು ಮಂದಿಯ ಕೂಡುಕುಟುಂಬದಲ್ಲಿ, ಪ್ರತಿದಿನ ಚಪಾತಿಯಾಗುವ ಮನೆಯಲ್ಲಿ, ಕೈಕಾಲು ಗಂಟುನೋವಿನ ಹಿರಿಯರೇ ಅಡುಗೆ ಮಾಡುವಲ್ಲಿ ಲೆಕ್ಕ ಬೇರೆಯಾಗುತ್ತದೆ.

ಲೆಕ್ಕವನ್ನೂ ಹಾಕಿ ನೋಡಬಹುದು. ಯಂತ್ರದ ಬೆಲೆ 8,000 ರೂಪಾಯಿ, ಬಾಳಿಕೆ 5 ವರ್ಷ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 20 ದಿನ ಬಳಸಿದರೆ ಒಟ್ಟು 1,200 ದಿನಗಳಾಗುತ್ತವೆ. ಒಂದು ದಿನದ ಬಳಕೆಗೆ ಬೀಳುವುದು ಏಳು ರೂಪಾಯಿಗಿಂತ ಕಡಿಮೆ. ವರ್ಷಕ್ಕೊಮ್ಮೆ ರಮಝಾನಿನ ಹತ್ತು ದಿನ ಮಾತ್ರ ಹೊರತೆಗೆದರೆ ಒಂದು ದಿನಕ್ಕೆ 160 ರೂಪಾಯಿ ಬೀಳುತ್ತದೆ. ಬೆಲೆ ಒಂದೇ ಆಗಿದ್ದರೂ ಒಂದು ಮನೆಗೆ ಅದು ಅಗತ್ಯ, ಇನ್ನೊಂದು ಮನೆಗೆ ಇಸ್ರಾಫ್. ವಿದ್ಯುತ್ತಿನ ಚಿಂತೆ ಅಷ್ಟಾಗಿ ಬೇಡ. 750 ವ್ಯಾಟ್‌ನ ಯಂತ್ರ ದಿನಕ್ಕೆ ಹತ್ತು ನಿಮಿಷ ಓಡಿದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗುವುದಿಲ್ಲ. ಬಟ್ಟಲು, ಮುಚ್ಚಳ, ಬ್ಲೇಡುಗಳನ್ನು ತೊಳೆಯುವ ಶ್ರಮವನ್ನು ಮಾತ್ರ ಲೆಕ್ಕಕ್ಕೆ ಸೇರಿಸಲೇಬೇಕು. ಎರಡು ಈರುಳ್ಳಿಗಾಗಿ ಐದು ಭಾಗಗಳನ್ನು ತೊಳೆಯುವುದು ಜಾಣತನವಲ್ಲ.

ಹಣ ಕೊಡುವ ವಿಧಾನದಲ್ಲಿಯೂ ಎಚ್ಚರ ಅಗತ್ಯ. ಬಡ್ಡಿಯಿಲ್ಲದ ಕಂತು ಎಂಬ ಹೆಸರಿನಲ್ಲಿ ಅಂಗಡಿಗಳು ನೀಡುವ ಯೋಜನೆಗಳನ್ನು ಕಣ್ಣುಮುಚ್ಚಿ ನಂಬಬಾರದು. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು 2013ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ತಿಳಿಸಿತ್ತು. ಅನೇಕ ಯೋಜನೆಗಳಲ್ಲಿ ಸಾಲಕ್ಕೆ ಬಡ್ಡಿ ಇದ್ದೇ ಇರುತ್ತದೆ, ಅಷ್ಟೇ ಮೊತ್ತವನ್ನು ರಿಯಾಯಿತಿಯ ರೂಪದಲ್ಲಿ ಮರೆಮಾಚಲಾಗುತ್ತದೆ. ಆರು ತಿಂಗಳು ಹಣ ಕೂಡಿಟ್ಟು ಕೊಳ್ಳುವುದರಲ್ಲಿ ಬರಕತ್ತೂ ಇದೆ, ನಿಜವಾಗಿಯೂ ಬೇಕೇ ಎಂದು ಯೋಚಿಸಲು ಸಮಯವೂ ಸಿಗುತ್ತದೆ.

ಅಪರೂಪಕ್ಕೆ ಮಾತ್ರ ಬೇಕಾಗುವವರಿಗೆ ಇಸ್ಲಾಮ್ ಇನ್ನೊಂದು ದಾರಿಯನ್ನು ತೋರಿಸಿದೆ. ಅಲ್ ಮಾಊನ್ ಅಧ್ಯಾಯವು ನಿತ್ಯೋಪಯೋಗಿ ವಸ್ತುಗಳನ್ನು ಇತರರಿಗೆ ನೀಡದೆ ತಡೆಯುವವರನ್ನು ಕಟುವಾಗಿ ಖಂಡಿಸಿದೆ. ಮಾಊನ್ ಎಂದರೆ ನೆರೆಹೊರೆಯವರು ಪರಸ್ಪರ ಎರವಲು ಕೊಡುವ ಮಡಕೆ, ಬಕೆಟ್‌ನಂತಹ ವಸ್ತುಗಳೆಂದು ಇಬ್ನು ಮಸ್‌ಊದ್(ರ)ರು ವಿವರಿಸಿದ್ದಾರೆ. ಇಂದಿನ ಮಾಊನ್‌ನಲ್ಲಿ ಫುಡ್ ಪ್ರೊಸೆಸರ್ ಕೂಡ ಯಾಕೆ ಸೇರಬಾರದು? ಅಕ್ಕಪಕ್ಕದ ಮೂರು ಮನೆಗಳಿಗೆ ಒಂದು ಯಂತ್ರ ಸಾಲದೇ? ಎರವಲು ಪಡೆದವರು ಅದನ್ನು ತೊಳೆದು, ಒರೆಸಿ, ಹೊತ್ತಿಗೆ ಸರಿಯಾಗಿ ಮರಳಿಸಬೇಕು, ಅದು ಅಮಾನತ್.

ಕೊನೆಯದಾಗಿ, ಯಂತ್ರವು ಉಳಿಸಿದ ಸಮಯ ಯಾರಿಗೆ ಸೇರಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಉಳಿದ ಲೆಕ್ಕಗಳೆಲ್ಲ ವ್ಯರ್ಥ. ರಮಝಾನ್‌ನಲ್ಲಿ ಅಸರ್‌ನಿಂದ ಮಗ್‌ರಿಬ್‌ವರೆಗಿನ ಅಮೂಲ್ಯ ವೇಳೆಯನ್ನು ನಮ್ಮ ಸ್ತ್ರೀಯರು ಸಮೋಸ, ಕಟ್ಲೆಟ್‌ಗಳ ಮುಂದೆ ಕಳೆಯುತ್ತಾರೆ. ಯಂತ್ರ ಬಂದ ಬಳಿಕ ಆ ವೇಳೆಯಲ್ಲಿ ಅವರ ಕೈಗೆ ಕುರ್‌ಆನ್ ಸಿಕ್ಕಿದರೆ, ಸ್ವಲ್ಪ ವಿಶ್ರಾಂತಿ ದೊರೆತರೆ, ದುಆಕ್ಕೆ ಬಿಡುವಾದರೆ ಅದು ಸಾರ್ಥಕ ಖರ್ಚು. ಹೇಗೂ ಯಂತ್ರವಿದೆಯಲ್ಲ ಎಂದು ನಾಲ್ಕು ತಿಂಡಿಗಳಿದ್ದ ಇಫ್ತಾರ್ ಸುಪ್ರಾಕ್ಕೆ ಎಂಟನ್ನು ಬಯಸಿದರೆ, ಯಂತ್ರವು ಇಳಿಸಿದ ಭಾರವನ್ನು ನಾವೇ ಮತ್ತೆ ಹೊರಿಸಿದಂತಾಯಿತು. ದುಂದುವೆಚ್ಚ ಆಗ ಯಂತ್ರದಲ್ಲಿರುವುದಿಲ್ಲ, ನಮ್ಮ ನಾಲಗೆಯಲ್ಲಿರುತ್ತದೆ.

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ, ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಉತ್ತರಿಸಿದ್ದರು. ಫುಡ್ ಪ್ರೊಸೆಸರ್ ಕೊಳ್ಳಲು ಅನುಕೂಲವಿಲ್ಲದ ಮನೆಯಲ್ಲಿಯೂ ಈ ಸುನ್ನತ್ತಿಗೆ ಒಂದು ಪೈಸೆಯ ಖರ್ಚಿಲ್ಲ. ಈರುಳ್ಳಿ ಸುಲಿಯಲು, ಹಿಟ್ಟು ನಾದಲು, ಪಾತ್ರೆ ತೊಳೆಯಲು ಪುರುಷರ ಕೈಗಳೂ ಮುಂದೆ ಬರಲಿ. ಕೊಳ್ಳಲು ಶಕ್ತಿಯಿರುವವರು ಅಡುಗೆ ಮಾಡುವವರೊಂದಿಗೆ ಕುಳಿತು, ಅವರ ಮಾತು ಕೇಳಿ, ಬಡವರ ಹಕ್ಕನ್ನು ಮೊದಲು ಸಲ್ಲಿಸಿ ತೀರ್ಮಾನ ಕೈಗೊಳ್ಳಲಿ. ಮಿತವ್ಯಯವನ್ನೂ ಮನೆಯವರ ಮೇಲಿನ ಕರುಣೆಯನ್ನೂ ಅಲ್ಲಾಹನು ನಮಗೆ ಜೊತೆಯಾಗಿ ಕರುಣಿಸಲಿ, ಆಮೀನ್.