ಎಲೈಜಾ ಹ್ಯಾನ್‌ಕಾಕ್‌ಳ ತಂದೆ ಯಾರು? ಉಯಿಲಿನ ಸಾಕ್ಷ್ಯವೂ ವದಂತಿಯ ಸಾಕ್ಷ್ಯವೂ

ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್‌ಳ ಸೋದರತ್ತೆಯ ಮಗಳು ಎಲೈಜಾ 1761ರ ಡಿಸೆಂಬರ್ 22ರಂದು ಕಲ್ಕತ್ತೆಯಲ್ಲಿ ಹುಟ್ಟಿದಳು. ತಾಯಿ ಫಿಲಡೆಲ್ಫಿಯಾ ಆಸ್ಟೆನ್. ತಂದೆಯೆಂದು ದಾಖಲಾಗಿರುವವನು ಈಸ್ಟ್ ಇಂಡಿಯಾ ಕಂಪೆನಿಯ ಶಸ್ತ್ರವೈದ್ಯ ಟೈಸೋ ಸಾಲ್ ಹ್ಯಾನ್‌ಕಾಕ್. ಆದರೆ ಆಸ್ಟೆನ್ ಕುರಿತ ಬರೆಹಗಳಲ್ಲಿ ಈ ಹುಡುಗಿಯನ್ನು ವಾರನ್ ಹೇಸ್ಟಿಂಗ್ಸ್‌ನ ಮಗಳೆನ್ನುವುದು ಬಹುಕಾಲದ ವಾಡಿಕೆ. ‘ಇರಬಹುದು’ ಎಂದು ಹೊರಟ ಮಾತು ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾಟುವಾಗ ‘ಇರಬೇಕು’ ಎಂದಾಯಿತು; ವಿದ್ಯಾರ್ಥಿಗಳ ಸಂಪ್ರಬಂಧಗಳನ್ನು ತಲುಪುವ ವೇಳೆಗೆ ‘ಆಗಿದ್ದಳು’ ಎಂದು ನೆಲೆಯೂರಿತು. ಈ ಕ್ರಿಯಾಪದಗಳ ಬಡ್ತಿಗೆ ಹೊಸ ದಾಖಲೆ ಯಾವುದೂ ಕಾರಣವಲ್ಲ.

ಹೇಸ್ಟಿಂಗ್ಸ್ ಪಕ್ಷದವರ ಮುಖ್ಯ ಆಧಾರ ಹಣ. ಹೇಸ್ಟಿಂಗ್ಸ್ ಎಲೈಜಾಳ ಗಾಡ್‌ಫಾದರ್. ದೀಕ್ಷಾಸ್ನಾನದಲ್ಲಿ ಮಗುವಿನ ಧಾರ್ಮಿಕ ಹೊಣೆ ಹೊತ್ತವನು. 1772ರಲ್ಲಿ ಆತ ಅವಳ ಹೆಸರಿಗೆ 40,000 ರೂಪಾಯಿಗಳ ಬಾಂಡನ್ನು ಮಾಡಿಕೊಟ್ಟ. ಆಗಿನ ಲೆಕ್ಕದಲ್ಲಿ ಅದು ಸುಮಾರು 5,000 ಪೌಂಡು. 1775ರಲ್ಲಿ ಅದನ್ನು ಇಮ್ಮಡಿಗೊಳಿಸಿ 10,000 ಪೌಂಡುಗಳ ಟ್ರಸ್ಟ್ ಮಾಡಿದ. ಪರರ ಮಗುವಿಗೆ ಇಷ್ಟು ಹಣವನ್ನು ಯಾರು ಕೊಟ್ಟಾರು ಎಂಬುದು ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ದಾನಶಾಸನಗಳನ್ನು ಓದಿ ಬಲ್ಲವರು ಮೊದಲು ಕೇಳಬೇಕಾದುದು, ದತ್ತಿಯನ್ನು ಯಾವ ಸ್ಥಿತಿಯಲ್ಲಿ, ಯಾವ ಕಟ್ಟಳೆಯೊಡನೆ, ಯಾರ ಕೈಯಲ್ಲಿ ಇರಿಸಲಾಯಿತು ಎಂಬುದನ್ನು.

ಹ್ಯಾನ್‌ಕಾಕ್ ಹೇಸ್ಟಿಂಗ್ಸ್‌ನ ಗೆಳೆಯ, ವ್ಯಾಪಾರದಲ್ಲಿ ಪಾಲುದಾರ. 1765ರಲ್ಲಿ ಇಂಗ್ಲೆಂಡಿಗೆ ಮರಳಿದ ಅವನ ಗಳಿಕೆ ಕೆಲವೇ ವರ್ಷಗಳಲ್ಲಿ ಕರಗಿತು. ಹೆಂಡತಿ ಮಗಳನ್ನು ಅಲ್ಲಿಯೇ ಬಿಟ್ಟು ಮತ್ತೆ ಬಂಗಾಳಕ್ಕೆ ಬಂದ. 1775ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅವನ ಆಸ್ತಿ ಸಾಲಗಳಿಗೇ ಸರಿಹೋಯಿತು. ಹೇಸ್ಟಿಂಗ್ಸ್ ಹಣವನ್ನು ಇಂಥವನ ಕೈಗೆ ಕೊಟ್ಟಿದ್ದರೆ ಅದು ಸಾಲಗಾರರ ಪಾಲಾಗುತ್ತಿತ್ತು. ಟ್ರಸ್ಟಿನ ಬಡ್ಡಿ ಹ್ಯಾನ್‌ಕಾಕ್ ದಂಪತಿಗಳಿಗೆ ಜೀವಾವಧಿ, ಅನಂತರ ಮೊತ್ತ ಎಲೈಜಾಳಿಗೆ. ವಿಶ್ವಸ್ಥರು ಫಿಲಡೆಲ್ಫಿಯಾಳ ತಮ್ಮ, ಅಂದರೆ ಜೇನ್‌ಳ ತಂದೆ ಜಾರ್ಜ್ ಆಸ್ಟೆನ್, ಮತ್ತು ಹೇಸ್ಟಿಂಗ್ಸ್‌ನ ಭಾವ ವುಡ್‌ಮನ್. ದಿವಾಳಿಯ ಅಂಚಿನಲ್ಲಿದ್ದ ಗೆಳೆಯನ ಸಂಸಾರಕ್ಕೆ ಕಟ್ಟಿದ ರಕ್ಷಣೆ ಇದು ಎಂದರೆ ದಾಖಲೆಯ ಪ್ರತಿಯೊಂದು ಷರತ್ತೂ ಹೊಂದುತ್ತದೆ.

ಋಣದ ಇನ್ನೊಂದು ಎಳೆಯೂ ಇದೆ. ಹೇಸ್ಟಿಂಗ್ಸ್‌ನ ಹೆಣ್ಣುಮಗು ಎಲಿಜಬೆತ್ ಹುಟ್ಟಿದ ಕೆಲವೇ ವಾರಗಳಲ್ಲಿ ಸತ್ತಿತ್ತು. ಹೆಂಡತಿ ಮೇರಿ 1759ರಲ್ಲಿ ತೀರಿಕೊಂಡಳು. ಇಂಗ್ಲೆಂಡಿಗೆ ಕಳುಹಿಸಿದ್ದ ಒಬ್ಬನೇ ಮಗ ಜಾರ್ಜ್ 1764ರಲ್ಲಿ ಗಂಟಲುಬೇನೆಯಿಂದ ಸತ್ತಾಗ ಆಸ್ಟೆನ್ ದಂಪತಿಗಳ ಆರೈಕೆಯಲ್ಲಿದ್ದ. ಜೇನ್‌ಳ ತಾಯಿ ತನ್ನ ಸ್ವಂತ ಮಗುವನ್ನು ಕಳೆದುಕೊಂಡಂತೆ ಮರುಗಿದಳೆಂದು ಕುಟುಂಬದ ಜೀವನಚರಿತ್ರೆ ಹೇಳುತ್ತದೆ. ಹೆಂಡತಿ ಮಕ್ಕಳೆಲ್ಲರನ್ನೂ ಕಳೆದುಕೊಂಡವನು, ಸತ್ತ ಮಗಳ ಹೆಸರನ್ನೇ ಹೊತ್ತ ಗೆಳೆಯನ ಮಗಳಿಗೆ ಧಾರಾಳವಾಗಿ ಕೊಟ್ಟರೆ ಅದರಲ್ಲಿ ವಿಚಿತ್ರವೇನಿದೆ? ಎಲಿಜಬೆತ್ ಎಂಬ ಹೆಸರೇ ಗುಟ್ಟನ್ನು ಹೊರಗೆಡಹುತ್ತದೆ ಎನ್ನುವವರು, ಹೆತ್ತ ತಂದೆ ತನ್ನ ಮಗುವಿಗೆ ಗಾಡ್‌ಫಾದರ್ ಆಗುವುದನ್ನು ಇಂಗ್ಲೆಂಡಿನ ಚರ್ಚಿನ 1604ರ ಕಟ್ಟಳೆ ನಿಷೇಧಿಸಿತ್ತೆಂಬುದನ್ನು ಮಾತ್ರ ಎತ್ತುವುದಿಲ್ಲ. ಕಟ್ಟಳೆ ಮುರಿಯುವವರು ಇರುತ್ತಾರೆ, ನಿಜ. ಆದರೆ ಸಾಕ್ಷ್ಯವನ್ನು ತೂಗುವಾಗ ಒಂದೇ ತಟ್ಟೆಗೆ ಕಲ್ಲು ಹಾಕುತ್ತ ಹೋಗಬಾರದು.

ಇನ್ನು ವದಂತಿ. ಅದರ ಲಿಖಿತ ಮೂಲ 1765ರಲ್ಲಿ ರಾಬರ್ಟ್ ಕ್ಲೈವ್ ಹೆಂಡತಿಗೆ ಬರೆದ ಪತ್ರ. ಫಿಲಡೆಲ್ಫಿಯಾ ಹೇಸ್ಟಿಂಗ್ಸ್‌ಗೆ ಒಲಿದು ಕೆಟ್ಟವಳೆಂಬುದು ನಿಸ್ಸಂದೇಹ, ಅವಳ ಸಹವಾಸ ಬೇಡ ಎಂಬುದು ಅಲ್ಲಿನ ತಾತ್ಪರ್ಯ. ಈ ವಾಕ್ಯವನ್ನು ಉದ್ಧರಿಸುವ ಉತ್ಸಾಹಿಗಳು ಮುಂದಿನ ಮಾತನ್ನು ಅನೇಕ ವೇಳೆ ಬಿಟ್ಟುಬಿಡುತ್ತಾರೆ: ಇಂಡಿಯಾದಲ್ಲಿದ್ದು ಬಂದ ಯಾವ ಹೆಂಗಸರ ಪರಿಚಯವೂ ಬೇಡ, ಇಂಗ್ಲೆಂಡಿನಲ್ಲಿ ಅವರಿಗೆ ಮರ್ಯಾದೆಯಿಲ್ಲ ಎಂದೂ ಕ್ಲೈವ್ ಅಲ್ಲಿಯೇ ಹೇಳುತ್ತಾನೆ. ಪತ್ನಿಯ ಪ್ರತಿಷ್ಠೆಗೆ ಕಾವಲು ಕಾಯುವ ಹೊಸ ಸಿರಿವಂತನ ಮಾತು ಇದು. ಅದಕ್ಕಿಂತ ಮುಖ್ಯವಾದುದು ಕಾಲದ ಲೆಕ್ಕ. ಕ್ಲೈವ್ 1760ರ ಆರಂಭದಲ್ಲಿ ಬಂಗಾಳವನ್ನು ಬಿಟ್ಟವನು 1765ರ ಮೇ ತಿಂಗಳಿನವರೆಗೆ ಅಲ್ಲಿರಲಿಲ್ಲ. ಮಗು ಗರ್ಭದಲ್ಲಿದ್ದಾಗಲೂ ಹುಟ್ಟಿದಾಗಲೂ ಆತ ಸಾವಿರಾರು ಮೈಲಿ ದೂರದಲ್ಲಿದ್ದ. ಮರಳಿ ಬಂದದ್ದು ವ್ಯಾನ್ಸಿಟಾರ್ಟ್ ಆಡಳಿತದ ಕೊಳೆ ತೊಳೆಯುತ್ತೇನೆಂದು, ಮತ್ತು ಹೇಸ್ಟಿಂಗ್ಸ್ ಆ ವ್ಯಾನ್ಸಿಟಾರ್ಟ್‌ನ ಪಕ್ಷದವನು. ಇಂತಹ ಕೇಳಿದ ಮಾತನ್ನು ಯಾವ ಗ್ರಂಥಸಂಪಾದಕನೂ ಮೂಲಪಾಠವೆಂದು ಸ್ವೀಕರಿಸುವುದಿಲ್ಲ.

ಇದಕ್ಕೆ ಪ್ರತಿಯಾಗಿ ಹ್ಯಾನ್‌ಕಾಕ್‌ನ ಸ್ವಂತ ಬರೆಹವಿದೆ. ಕಲ್ಕತ್ತೆಯಿಂದ ಬರೆದ ಪತ್ರಗಳಲ್ಲಿ ಆತ ಸಿಡುಕ, ರೋಗಿಷ್ಠ, ಲೆಕ್ಕದಲ್ಲಿ ಮುಳುಗಿದವನು. ಆದರೂ ‘ಬೆಟ್ಸಿ’ಯ ಅಕ್ಷರ, ಸಂಗೀತ, ಫ್ರೆಂಚ್ ಕಲಿಕೆಯ ಚಿಂತೆ ಬಿಟ್ಟವನಲ್ಲ. ಉಯಿಲಿನಲ್ಲಿ ಮಗಳಿಗೆ ಬಿಟ್ಟುಹೋದ ವಸ್ತುಗಳಲ್ಲಿ ಸ್ಮಾರ್ಟ್ ಎಂಬ ಚಿತ್ರಕಾರ ಬರೆದ, ವಜ್ರಗಳ ನಡುವೆ ಉಂಗುರದಲ್ಲಿ ಕೂರಿಸಿದ ತಾಯಿಯ ಕಿರುಚಿತ್ರವೊಂದಿದೆ. ಅದನ್ನು ಎಂದೂ ಕೈಬಿಡಬಾರದು, ತಾಯಿಯ ರೂಪವನ್ನಷ್ಟೇ ಅಲ್ಲದೆ ಶೀಲವನ್ನೂ ಅದು ನೆನಪಿಸಲಿ ಎಂದು ಆತ ಕೋರುತ್ತಾನೆ. ಮೋಸಹೋದ ಗಂಡನ ವ್ಯಂಗ್ಯ ಅಥವಾ ಎಲ್ಲವನ್ನೂ ತಿಳಿದು ಸಹಿಸಿದವನ ನಟನೆ ಎಂದು ಇದನ್ನು ಓದಲು ಬಯಸುವವರು ಹಾಗೆ ಓದಬಹುದು. ಆದರೆ ಅದು ಉಯಿಲಿನ ಅರ್ಥವಲ್ಲ, ಓದುವವರು ಹೊರಗಿನಿಂದ ತಂದ ಕಥೆ. ಕಂಪೆನಿಯ ಕಾಲದ ಎಷ್ಟೋ ಉಯಿಲುಗಳು ವಿವಾಹಬಾಹಿರ ಮಕ್ಕಳನ್ನು ಬಿಚ್ಚುಮಾತಿನಲ್ಲಿ ಗುರುತಿಸುತ್ತವೆ. ಇಲ್ಲಿ ಅಂಥ ಒಂದು ಪದವೂ ಇಲ್ಲ.

ಹೇಸ್ಟಿಂಗ್ಸ್ ತಂದೆಯಾಗಿರುವುದು ಅಸಾಧ್ಯವೆಂದು ಇದರಿಂದ ಸಿದ್ಧವಾಗುವುದಿಲ್ಲ. ಎಂಟು ವರ್ಷ ಮಕ್ಕಳಿಲ್ಲದ ದಾಂಪತ್ಯ, ಬಾಂಡಿನ ವಿಷಯವನ್ನು ಆಪ್ತರಿಗೂ ಹೇಳಬೇಡವೆಂದು ಹ್ಯಾನ್‌ಕಾಕ್ ಹೆಂಡತಿಗೆ ಕೊಟ್ಟ ಎಚ್ಚರಿಕೆ, ಇವೆಲ್ಲ ಸಂಶಯಕ್ಕೆ ಎಡೆಕೊಡುವಂಥವೇ. ಎಲೈಜಾಳ ಮಗ 1801ರಲ್ಲಿ ಹದಿನೈದರ ಹರೆಯದಲ್ಲಿ ತೀರಿಕೊಂಡುದರಿಂದ ಅವಳ ವಂಶವೂ ಅಲ್ಲಿಗೇ ನಿಂತಿತು. ಸಂಶಯವನ್ನು ಸಂಶಯವಾಗಿಯೇ ಉಳಿಸಿಕೊಳ್ಳುವ ಶಿಸ್ತು ಬೇಕಾದದ್ದು ಇಂತಹ ಕಡೆ.

ಈ ಪಿತೃತ್ವದ ಗದ್ದಲದಲ್ಲಿ ಮರೆಯಾದವಳು ಫಿಲಡೆಲ್ಫಿಯಾ. ಏಳರ ವಯಸ್ಸಿಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು, ಲಂಡನ್ನಿನಲ್ಲಿ ಟೋಪಿ ಹೊಲಿಯುವವಳ ಬಳಿ ಕೆಲಸ ಕಲಿತು, 1752ರಲ್ಲಿ ಹಡಗೇರಿ ಬಂದು, 1753ರ ಫೆಬ್ರವರಿಯಲ್ಲಿ ಕಡಲೂರಿನಲ್ಲಿ ಹ್ಯಾನ್‌ಕಾಕ್‌ನನ್ನು ಮದುವೆಯಾದವಳು. ಜೇನ್ ಆಸ್ಟೆನ್ 1792ರ ಸುಮಾರಿಗೆ ಬರೆದ ‘ಕ್ಯಾಥರಿನ್’ ಎಂಬ ಅಪೂರ್ಣ ಕಥೆಯಲ್ಲಿ ಅನಾಥ ಹುಡುಗಿಯೊಬ್ಬಳನ್ನು ಗಂಡನ ಸಲುವಾಗಿ ಬಂಗಾಳಕ್ಕೆ ಸಾಗಿಸುತ್ತಾರೆ. ಅಲ್ಲಿ ಲೇಖಕಿಯನ್ನು ಕಾಡಿದ್ದು ಆ ಹುಡುಗಿಗೆ ಬೇರೆ ದಾರಿಯಿಲ್ಲದಿದ್ದುದು.

ಮರೆಯಾದ ಇನ್ನೊಬ್ಬಳಿದ್ದಾಳೆ. ಹ್ಯಾನ್‌ಕಾಕ್ ದಂಪತಿಗಳೊಡನೆ ಇಂಗ್ಲೆಂಡಿಗೆ ಹೋದ ಭಾರತೀಯ ಸೇವಕಿಯನ್ನು ಆ ಪತ್ರಗಳು ‘ಕ್ಲಾರಿಂಡಾ’ ಎನ್ನುತ್ತವೆ. ಇಂಗ್ಲಿಷ್ ಕಾವ್ಯಗಳ ನಾಯಕಿಯ ಹೆಸರು ಅದು; ಅವಳ ತಂದೆತಾಯಿ ಇಟ್ಟದ್ದಲ್ಲವೆಂಬುದು ಸ್ಪಷ್ಟ. ಅವರು ಯಾರೆಂದು ಕೇಳಿದ ಜೀವನಚರಿತ್ರೆ ಕಾಣಸಿಗುವುದಿಲ್ಲ. ಹ್ಯಾನ್‌ಕಾಕ್‌ನ ಪತ್ರಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿ, ಹೇಸ್ಟಿಂಗ್ಸ್ ಕಾಗದಪತ್ರಗಳ ನಡುವೆ, ಇಂದಿಗೂ ಓದಲು ಸಿಗುತ್ತದೆ.