ಕನ್ನಡದ ಕಾಗದ ಅಮೆರಿಕದಲ್ಲಿ ನಡೆಯುತ್ತದೆ, ಅರಸೀಕೆರೆಯಲ್ಲಿ ನಡೆಯುವುದಿಲ್ಲವೆ?



ಕಳೆದ ತಿಂಗಳು ಅರಸೀಕೆರೆ ಕಡೆಯ ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನ ತುಂಬ ಕಾಗದ ಹಿಡಿದು ನಮ್ಮಲ್ಲಿಗೆ ಬಂದರು. ಎಪ್ಪತ್ತು ದಾಟಿದ ಜೀವ. ಗಂಡ ಇಲ್ಲ. ಒಂದಿಷ್ಟು ತೆಂಗಿನ ಮರ, ಒಂದು ಹೆಂಚಿನ ಮನೆ. ಇರುವ ಒಬ್ಬ ಮಗ ಅಮೆರಿಕ ಸೇರಿ ಇಪ್ಪತ್ತು ವರ್ಷ ದಾಟಿದೆ. ಅಲ್ಲಿನ ಸಿಟಿಜನ್ ಆಗಿದ್ದಾನೆ, ಅಮ್ಮನನ್ನು ಕರೆಸಿಕೊಳ್ಳಲು ಅರ್ಜಿ ಹಾಕುತ್ತೇನೆ ಎಂದಿದ್ದಾನೆ. ಆಕೆ ನಮ್ಮನ್ನು ಕೇಳಿದ್ದು ಒಂದೇ ಮಾತು: ‘ಇವ್ನು ನನ್ ಮಗ ಅನ್ನೋದಕ್ಕೆ ನಾನೇನ್ ತೋರಿಸ್ಲಪ್ಪ?’

ಕವರು ಬಿಚ್ಚಿ ನೋಡಿದೆವು. ಮಗನ ಜನನ ನೋಂದಣಿಯ ನಕಲು ಅಚ್ಚ ಕನ್ನಡದಲ್ಲಿತ್ತು, ಹಳೆಯ ಕೈಬರಹ. ಮಗುವಿನ ಹೆಸರಿನ ಜಾಗ ಖಾಲಿ. ‘ಗಂಡು’ ಎಂದಷ್ಟೇ ಇದೆ. ತಂದೆಯ ಹೆಸರು ಸರಿಯಾಗಿದೆ. ತಾಯಿಯ ಹೆಸರು ಪುಟ್ಟಮ್ಮ. ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ. ಪಾಸ್‌ಪೋರ್ಟಿನಲ್ಲಿ ಲಕ್ಷ್ಮೀದೇವಮ್ಮ. (ಹೆಸರುಗಳನ್ನು ಬದಲಿಸಿ ಬರೆದಿದ್ದೇವೆ, ಗೋಜಲು ಮಾತ್ರ ಅದೇ.) ಹುಟ್ಟಿದ ಮನೆಯಲ್ಲಿ ಪುಟ್ಟಮ್ಮ, ಕೊಟ್ಟ ಮನೆಯಲ್ಲಿ ಲಕ್ಷ್ಮಮ್ಮ, ಯಾರೋ ಗುಮಾಸ್ತರ ಕೈಯಲ್ಲಿ ದೇವಿಯಾದರು. ನಮ್ಮ ಸೀಮೆಯಲ್ಲಿ ಇದು ಯಾವ ಮನೆಯಲ್ಲಿ ಇಲ್ಲ ಹೇಳಿ?

ಆದರೆ ನಮಗೆ ಸಿಟ್ಟು ಬಂದದ್ದು ಇದಕ್ಕಲ್ಲ. ಆಕೆ ಮೊದಲು ಹೋದ ಕಚೇರಿಯಲ್ಲಿ (ಯಾವುದೆಂದು ಬರೆಯುವುದಿಲ್ಲ, ಒಂದೇ ಆಗಿದ್ದರೆ ಬರೆಯುತ್ತಿದ್ದೆವು) ಹೇಳಿದರಂತೆ: ‘ಇದು ಕನ್ನಡದಲ್ಲಿದೆ, ಫಾರಿನ್ನಿಗೆ ನಡೆಯಲ್ಲ.’ ಹೊರಗೆ ಜೆರಾಕ್ಸ್ ಅಂಗಡಿಯ ಪಕ್ಕ ನಿಂತಿದ್ದ ಮಧ್ಯವರ್ತಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಬೆಂಗಳೂರಿನಲ್ಲಿ ಸರ್ಕಾರಿ ಮಾನ್ಯತೆಯ ಅನುವಾದಕರಿದ್ದಾರೆ, ಪುಟಕ್ಕೆ ಇಷ್ಟು ಸಾವಿರ. ಅದೂ ಬೇಡವಾದರೆ ಇಂಗ್ಲಿಷಿನಲ್ಲಿ ಹೊಸ ಜನನ ಪತ್ರವನ್ನೇ ‘ಮಾಡಿಸಿ’ ಕೊಡುತ್ತೇನೆ ಎಂದನಂತೆ.

ನಾವು ಅಮೆರಿಕದ ವಲಸೆ ನಿಯಮಾವಳಿಯನ್ನು ತೆಗೆಸಿ ಓದಿದೆವು. ಬೇರೆ ಭಾಷೆಯ ದಾಖಲೆ ನಡೆಯುವುದಿಲ್ಲ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ದಾಖಲೆಯ ಜೊತೆ ಅದರ ಪೂರ್ತಿ ಇಂಗ್ಲಿಷ್ ಅನುವಾದ ಇರಬೇಕು. ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ಈ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ತನಗಿದೆ ಎಂದು ಅನುವಾದಿಸಿದವರು ಬರೆದು ಸಹಿ ಮಾಡಬೇಕು. ಅಷ್ಟೆ. ಸರ್ಕಾರಿ ಮಾನ್ಯತೆ ಬೇಕೆಂದಿಲ್ಲ. ನೋಟರಿ ಮೊಹರು ಬೇಕೆಂದಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲ ನಿಮ್ಮೂರ ನಿವೃತ್ತ ಹೈಸ್ಕೂಲು ಮೇಷ್ಟ್ರು ಸಾಕು. ಅರ್ಜಿದಾರರ ಮನೆಯವರೇ ಅನುವಾದಿಸುವುದು ಬೇಡ, ಅನುಮಾನಕ್ಕೆ ಯಾಕೆ ಎಡೆ ಕೊಡಬೇಕು? ಹೆಸರು, ವಿಳಾಸ, ತಾರೀಕು, ಸಹಿ ಇರಲಿ. ‘ಪೂರ್ತಿ’ ಎಂದರೆ ಪೂರ್ತಿ: ಮೇಲಿನ ಮುದ್ರೆ, ಅಂಚಿನ ಷರಾ, ಹಿಂದಿನ ಪುಟದ ಸೀಲು ಎಲ್ಲವೂ ಅನುವಾದದಲ್ಲಿ ಬರಬೇಕು. ನಮ್ಮ ನಾಡಿಗೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಶಾಲಾ ಪತ್ರಗಳಲ್ಲಿ ಮೈಸೂರು ರಾಜ್ಯ ಎಂದಿರುತ್ತದೆ. ಅದನ್ನು ಇದ್ದಂತೆಯೇ ಬರೆದು, ವಿವರಣೆಯನ್ನು ಬೇರೆ ಟಿಪ್ಪಣಿಯಲ್ಲಿ ಕೊಡಬೇಕು.

ಇನ್ನು ಆ ಹೊಸ ಇಂಗ್ಲಿಷ್ ಜನನ ಪತ್ರದ ವಿಷಯ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಜೀವಮಾನವಿಡೀ ಮುಚ್ಚಿಹೋಗಬಹುದು. ಕಾನೂನುಬದ್ಧವಾಗಿಯೇ ನಲವತ್ತು ಐವತ್ತು ವರ್ಷದ ನಂತರ ನೋಂದಣಿ ಮಾಡಿಸಿದರೂ ಅಧಿಕಾರಿ ಅದನ್ನು ಸಂಶಯದಿಂದಲೇ ನೋಡುತ್ತಾನೆ, ಬೇರೆ ಪುರಾವೆ ಕೇಳುತ್ತಾನೆ. ಮಗು ಹುಟ್ಟಿದ ಕಾಲದಲ್ಲೇ ಬರೆದ ದಾಖಲೆಗೆ ತೂಕ ಹೆಚ್ಚು. ಅಂದರೆ ಗಮನಿಸಿ, ಆ ತಾಯಿಯ ಕೈಯಲ್ಲಿದ್ದ ಹಳೆಯ ಕನ್ನಡದ ನಕಲು ಕಂಪ್ಯೂಟರಿನಿಂದ ನಿನ್ನೆ ಬಂದ ಇಂಗ್ಲಿಷ್ ಹಾಳೆಗಿಂತ ಗಟ್ಟಿ. ಅದನ್ನೇ ನಮ್ಮವರು ‘ನಡೆಯಲ್ಲ’ ಎಂದು ತಳ್ಳಿದ್ದು!

ಬೇಲೂರಿಗೆ ಹೋಗಿದ್ದೀರಲ್ಲ? 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಊರು, ತಂದೆ, ಮಗ. ಇವತ್ತು ವೀಸಾ ಅಧಿಕಾರಿ ಕೇಳುವುದೂ ಇದನ್ನೇ ಅಲ್ಲವೆ? ಒಂಬೈನೂರು ವರ್ಷ ಕಳೆದರೂ ಚಾವಣ ಯಾರ ಮಗ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಸಿಕ್ಕ ಹಲ್ಮಿಡಿಯೂ ಇದೇ ಬೇಲೂರು ತಾಲ್ಲೂಕಿನಲ್ಲಿದೆ. ಇಂಥ ಸೀಮೆಯಲ್ಲಿ ಕುಳಿತು ಕನ್ನಡದ ದಾಖಲೆ ದಾಖಲೆಯೇ ಅಲ್ಲ ಎನ್ನುವವರಿಗೆ ಏನೆನ್ನೋಣ?

ಅಮೆರಿಕದವನು ಇಂಗ್ಲಿಷ್ ಅನುವಾದ ಕೇಳುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಅವನ ಕಚೇರಿ, ಅವನ ಭಾಷೆ. 1963ರ ರಾಜಭಾಷಾ ಕಾಯ್ದೆಯನ್ನು ಮುಂದಿಟ್ಟುಕೊಂಡು ನಮ್ಮ ಕಚೇರಿಗಳಲ್ಲಿ ನಾವು ಕೇಳುವುದೂ ಅದೇ ನ್ಯಾಯವನ್ನು. ಆದರೆ ಅನುವಾದ ಕೊಡಿ ಎನ್ನುವುದು ಬೇರೆ, ಮೂಲವೇ ಬೇಡ ಎನ್ನುವುದು ಬೇರೆ. ಮೊದಲನೆಯದನ್ನು ಹೊರದೇಶದವನು ಹೇಳುತ್ತಾನೆ, ಎರಡನೆಯದನ್ನು ನಮ್ಮವರೇ ಹೇಳುತ್ತಾರೆ.

ತಮಾಷೆ ನೋಡಿ, ಗೋಜಲು ಹುಟ್ಟುವುದು ಕನ್ನಡದಲ್ಲಲ್ಲ, ಇಂಗ್ಲಿಷಿಗೆ ಹೋದಾಗ. ಲಕ್ಷ್ಮಮ್ಮ ಎಂದು ಕನ್ನಡದಲ್ಲಿ ಬರೆಯಲು ಒಂದೇ ದಾರಿ. ಇಂಗ್ಲಿಷಿನಲ್ಲಿ ಒಬ್ಬರು ಕೆ, ಎಸ್, ಹೆಚ್ ಹಾಕುತ್ತಾರೆ, ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಹಳೇಬೀಡಿಗೆ ಕೊನೆಯಲ್ಲಿ ಯು ಇರಬೇಕೋ ಬೇಡವೋ, ನಡುವೆ ಐ ಒಂದೋ ಇ ಎರಡೋ? ಅರಸೀಕೆರೆಯ ಇಂಗ್ಲಿಷ್ ಹೆಸರಿನಲ್ಲಿ ಮೊದಲ ಆರ್ ಆದ ಮೇಲೆ ಎ ಉಂಟೋ ಇಲ್ಲವೋ? ಎಲ್ಲ ಬಗೆಯೂ ಚಾಲ್ತಿಯಲ್ಲಿದೆ. ಹುಟ್ಟಿದ ಊರು ಎರಡು ಕಾಗದದಲ್ಲಿ ಎರಡು ಥರ ಕಂಡರೆ ನಮ್ಮ ಊರು ಗೊತ್ತಿಲ್ಲದವನು ಎರಡು ಊರು ಎಂದುಕೊಳ್ಳುವುದು ಸಹಜ.

ಇನಿಷಿಯಲ್ಲಿನ ಕಥೆ ಇನ್ನೂ ದೊಡ್ಡದು. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ತಂದೆಯ ಅಕ್ಷರ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಕೇಳುತ್ತಾರೆ. ಅಪ್ಪ ತನ್ನ ಹುಟ್ಟೂರನ್ನು ಬರೆದಿರುತ್ತಾನೆ, ಮಗ ಅಪ್ಪನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡಿರುತ್ತಾನೆ, ಸೊಸೆಗೆ ಗಂಡನ ಹೆಸರು. ಒಂದೇ ಮನೆಯ ಮೂವರಿಗೆ ಮೂರು ಅಡ್ಡಹೆಸರು! ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಅಮೆರಿಕದವರು ಅದನ್ನು ಅಡ್ಡಹೆಸರಿನ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚು ಹಾಕುತ್ತಾರೆ. ಹೆಸರು ಗೊತ್ತಿಲ್ಲ ಎಂದು ಅದರರ್ಥ. ಇದಕ್ಕೆ ನಮ್ಮ ಪದ್ಧತಿಯನ್ನು ಬಿಡಬೇಕಾಗಿಲ್ಲ. ಅರ್ಜಿಯ ಜೊತೆ ಕನ್ನಡಿಗರ ಹೆಸರಿನ ಕ್ರಮವನ್ನು ವಿವರಿಸುವ ನಾಲ್ಕು ಸಾಲಿನ ಪತ್ರ ಇಟ್ಟರಾಯಿತು.

ಯಾರು ಯಾರನ್ನು ಕರೆಸಿಕೊಳ್ಳಬಹುದು ಎಂಬುದರಲ್ಲೂ ನಮ್ಮ ಜನಕ್ಕೆ ಬಹಳ ತಪ್ಪು ತಿಳಿವಳಿಕೆ ಇದೆ. ಅಮೆರಿಕದ ಸಿಟಿಜನ್ ಆದವರು, 21 ವರ್ಷ ತುಂಬಿದ್ದರೆ, ತಂದೆತಾಯಿಗೆ ಅರ್ಜಿ ಹಾಕಬಹುದು. ಅದಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿ ಇಲ್ಲ. ಬರೀ ಗ್ರೀನ್ ಕಾರ್ಡ್ ಇರುವವರು ಗಂಡ ಅಥವಾ ಹೆಂಡತಿಗೆ, ಮದುವೆಯಾಗದ ಮಕ್ಕಳಿಗೆ ಹಾಕಬಹುದು, ತಂದೆತಾಯಿಗೆ ಆಗದು. ಅಣ್ಣ ತಮ್ಮ ಅಕ್ಕ ತಂಗಿಯರಿಗೆ ಸಿಟಿಜನ್ ಆದವರು ಹಾಕಬಹುದು. ಆದರೆ ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ, ಅದರಲ್ಲೂ ಪ್ರತಿ ದೇಶಕ್ಕೆ ಮಿತಿ. 2006ರಲ್ಲಿ ಹಾಕಿದ ಭಾರತೀಯರ ಅರ್ಜಿಗಳಿಗೆ ಸರದಿ ಬಂದದ್ದು 2025ರಲ್ಲಿ! ಅಣ್ಣ ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ತಮ್ಮನ ಮಗ ಈಗ ಡಿಗ್ರಿ ಮುಗಿಸುತ್ತಿದ್ದಾನೆ. ಇನ್ನು ದೊಡ್ಡ ಮಕ್ಕಳು 21 ದಾಟಿ ಅರ್ಜಿಯಿಂದಲೇ ಬಿದ್ದುಹೋಗಿರುತ್ತಾರೆ. ‘ಇನ್ನೆರಡು ವರ್ಷದಲ್ಲಿ ಆಗುತ್ತೆ’ ಎಂಬ ಏಜೆಂಟರ ಮಾತು ನಂಬಿ ಕೊಬ್ಬರಿ ಮಾರಿದ ದುಡ್ಡು ಕೊಡುವ ಮೊದಲು ಇದನ್ನು ಯೋಚಿಸಿ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ನೆಲೆಸಿದವರ ಗಂಡ ಅಥವಾ ಹೆಂಡತಿ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ ಹೊರಡಬೇಕೆಂಬ ನಿಯಮ 2010ರ ನವೆಂಬರಿನಲ್ಲಿ ಬಂತು. ಬೇಲೂರಿನ ಹುಡುಗಿ ಲಂಡನ್ನಿನಲ್ಲಿರುವ ಕನ್ನಡದ ಗಂಡನ ಜೊತೆ ಕನ್ನಡದಲ್ಲೇ ಸಂಸಾರ ಮಾಡುವುದಕ್ಕೂ ಮೊದಲು ಇಂಗ್ಲಿಷ್ ಮಾತಾಡಿ ತೋರಿಸಬೇಕು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಿಯಮವನ್ನು ರದ್ದು ಮಾಡಲಿಲ್ಲ. ಆದರೆ ಅದನ್ನು ಜಾರಿ ಮಾಡುವ ಬಗೆಯಿಂದ ಕೆಲವರ ಕುಟುಂಬದ ಹಕ್ಕಿಗೆ ಧಕ್ಕೆಯಾಗಬಹುದೆಂದು ಎಚ್ಚರಿಸಿತು. ನಮಗೆ ಇದು ಅನ್ಯಾಯವೆಂದೇ ತೋರುತ್ತದೆ.

‘ಅಮೆರಿಕಕ್ಕೆ ಹೋಗುವವರ ಉಸಾಬರಿ ಕನ್ನಡ ಪತ್ರಿಕೆಗೇಕೆ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸ್ವಾಮಿ, ಹೋದವನು ಅಲ್ಲಿ ಕುಳಿತು ಅರ್ಜಿ ತುಂಬುತ್ತಾನೆ. ತಾಲ್ಲೂಕು ಕಚೇರಿಯ ಸಾಲಿನಲ್ಲಿ ಬಿಸಿಲಿಗೆ ನಿಲ್ಲುವವಳು ಇಲ್ಲಿ ಉಳಿದ ಅಮ್ಮ.

ಆಕೆಯ ಸ್ವಂತ ಜನನ ದಾಖಲೆಯ ಪಾಡೇ ನೋಡಿ. ಜನನ ಮರಣ ನೋಂದಣಿ ಕಾಯ್ದೆ ಆದದ್ದು 1969ರಲ್ಲಿ, ಬಹುತೇಕ ರಾಜ್ಯಗಳಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಹಳ್ಳಿಯಲ್ಲಿ ಹುಟ್ಟಿದವರಿಗೆ ದಾಖಲೆ ಎಲ್ಲಿಂದ ಬರಬೇಕು? ಇಲ್ಲದಿದ್ದರೆ ಇಲ್ಲ ಎಂದು ಕಚೇರಿಯಿಂದ ಬರೆಸಿಕೊಳ್ಳಿ. ಅದರ ಜೊತೆ ಶಾಲೆಯ ದಾಖಲೆ ಇಡಿ. ಅದೂ ಇಲ್ಲವಾದರೆ, ವಿಷಯವನ್ನು ಕಣ್ಣಾರೆ ಬಲ್ಲ ಕನಿಷ್ಠ ಇಬ್ಬರ ಅಫಿಡವಿಟ್ ಅನ್ನು ಅಮೆರಿಕದ ನಿಯಮವೇ ಒಪ್ಪುತ್ತದೆ. ಸೂಲಗಿತ್ತಿ ಬದುಕಿದ್ದರೆ ಅವಳ ಮಾತೂ ಪುರಾವೆ.

ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಇವತ್ತೇ ಅವರ ಜನನ ಪತ್ರ ತೆಗೆದು ನೋಡಿ. ಹೆಸರಿನ ಜಾಗ ಖಾಲಿ ಇದೆಯೆ? ಮೊದಲ ವರ್ಷದೊಳಗೆ ಪುಕ್ಕಟೆಯಾಗಿ, ಆಮೇಲೆ ಶುಲ್ಕ ಕೊಟ್ಟು 15 ವರ್ಷದೊಳಗೆ ಹೆಸರು ಸೇರಿಸಬಹುದು. ತಪ್ಪು ಇದ್ದರೆ 15ನೇ ಕಲಮಿನಡಿ ತಿದ್ದಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಜನ್ಮದಿನದ ಪುರಾವೆಯಾಗಿ ಜನನ ಪತ್ರವೇ ಬೇಕು. ಕಚೇರಿಯಲ್ಲಿ ಯಾರಾದರೂ ಕನ್ನಡದ್ದು ನಡೆಯಲ್ಲ ಎಂದರೆ ಜಗಳವಾಡಬೇಡಿ. ಯಾವ ನಿಯಮದ ಪ್ರಕಾರ ನಡೆಯಲ್ಲ ಎಂದು ಹಿಂಬರಹ ಕೊಡಿ ಎನ್ನಿ. ಕೊಟ್ಟರೆ ಅದರ ನಕಲನ್ನು ನಮಗೂ ಕಳಿಸಿ.

ಸರ್ಕಾರಕ್ಕೆ ನಮ್ಮ ಒತ್ತಾಯ ಎರಡೇ. ಗೆದ್ದಲು ಹಿಡಿಯುತ್ತಿರುವ ಹಳೆಯ ಜನನ ರಿಜಿಸ್ಟರುಗಳ ಪ್ರತಿ ಪುಟವನ್ನೂ ಇದ್ದಂತೆ ಚಿತ್ರ ತೆಗೆದು ಕಾಪಾಡಲಿ. ಕನ್ನಡದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಎಲ್ಲ ಇಲಾಖೆಗೂ ಒಂದೇ ಕ್ರಮ ಮಾಡಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತು. ಅಂದು ವೀಸಾ ಕೆಲಸ ಆರಂಭವಾಗಲಿಲ್ಲ. ಅಲ್ಲಿ ಆ ಕೆಲಸ ನಡೆಯುವಾಗ ಇಂಥ ತಾಯಂದಿರ ಜೊತೆ ಕನ್ನಡದಲ್ಲಿ ಮಾತಾಡುವವರು ಇರಲೇಬೇಕು.

ಆ ತಾಯಿಯ ಕೆಲಸ ಎಲ್ಲಿಗೆ ಬಂತು ಎಂದು ಕೇಳುತ್ತೀರಿ. ಮಗನ ಶಾಲಾ ದಾಖಲೆ ಸಿಕ್ಕಿತು. ಮೂರೂ ಹೆಸರಿನವಳು ತಾನೇ ಎಂದು ಆಕೆ ಅಫಿಡವಿಟ್ ಮಾಡಿದರು. ಹೆರಿಗೆಯ ದಿನ ಮನೆಯಲ್ಲಿದ್ದ ಇಬ್ಬರು ಸಾಕ್ಷಿ ಹೇಳಲು ಒಪ್ಪಿದರು. ಅವರಲ್ಲಿ ಒಬ್ಬಾಕೆಗೆ ಎಂಬತ್ತೆರಡು ವರ್ಷ, ಓದುಬರಹ ಇಲ್ಲ. ಕನ್ನಡದಲ್ಲಿ ಬರೆದು ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿದರು. ಅನುವಾದಕ್ಕೆ ಕುಳಿತ ಮೇಷ್ಟ್ರನ್ನು ಆಕೆ ಕೇಳಿದರು: ‘ಹೆಬ್ಬೆಟ್ಟನ್ನೂ ಇಂಗ್ಲೀಷ್ ಮಾಡ್ತೀರಾ?’ ಮೇಷ್ಟ್ರು ನಕ್ಕು, ಎಡಗೈ ಹೆಬ್ಬೆರಳ ಗುರುತು ಎಂದು ಇಂಗ್ಲಿಷಿನಲ್ಲಿ ಬರೆದರು.