ಮಿಗುತಾಯದ ಹಣ ಯಾರಿಗೆ?

ಅಮೆರಿಕದ ಕೊಲರಾಡೋ ರಾಜ್ಯದ ಬೌಲ್ಡರ್ ನಗರವು ಸಕ್ಕರೆ ಪಾನೀಯಗಳ ತೆರಿಗೆಯಿಂದ ಅಂದಾಜನ್ನು ಮೀರಿ ಬಂದ ಹಣವನ್ನು ಹಿಂದಿರುಗಿಸದೆ ಉಳಿಸಿಕೊಂಡುದು ಪ್ರಜೆಗಳಿಗೆ ಬಗೆದ ವಂಚನೆಯೆಂದು ಬರೆದಿರುವ ಮಹನೀಯರು, ಆ ಹಣವು ಯಾರ ಕೈಗೆ ಹಿಂದಿರುಗಬೇಕಾಗಿದ್ದಿತೆಂಬುದನ್ನು ವಿಚಾರಿಸಿದಂತೆ ತೋರುವುದಿಲ್ಲ. 2016ರಲ್ಲಿ ಮತದಾರರೇ ಒಪ್ಪಿ ವಿಧಿಸಿದ ಈ ತೆರಿಗೆ ಔನ್ಸಿಗೆ 2 ಸೆಂಟು. 12 ಔನ್ಸಿನ ಒಂದು ಡಬ್ಬಿಗೆ 24 ಸೆಂಟು. ಅದನ್ನು ಕಟ್ಟುವವನು ವಿತರಕ. ಆತನು ಅದನ್ನು ಬೆಲೆಗೆ ಸೇರಿಸಿದಲ್ಲಿ ತೆರುವವನು ಅಂಗಡಿಯ ಮುಂದೆ ನಾಣ್ಯ ಹಿಡಿದು ನಿಂತ ಬಾಲಕ. ಮರುಪಾವತಿಯಾಗಿದ್ದರೆ ಹಣ ಸೇರುತ್ತಿದ್ದುದು ವಿತರಕನ ತಿಜೋರಿಯನ್ನೇ ಹೊರತು ಬಾಲಕನ ಜೇಬನ್ನಲ್ಲ. ಶುದ್ಧವಾದ ಕುಡಿಯುವ ನೀರು, ಪೌಷ್ಟಿಕ ಆಹಾರ, ಬಡವರ ಆರೋಗ್ಯರಕ್ಷಣೆ ಮೊದಲಾದವುಗಳಿಗೆ ಅದು ವಿನಿಯೋಗವಾಗಲೆಂದು 2018ರಲ್ಲಿ ಮತದಾರರು ಮತ್ತೊಮ್ಮೆ ಮತವಿತ್ತು ಸಮ್ಮತಿಸಿದರು. ಪ್ರಜೆಗಳೇ ಎರಡು ಬಾರಿ ಕೈಯಾರೆ ಕೊಟ್ಟ ತೀರ್ಪನ್ನು ಪ್ರಜಾವಂಚನೆಯೆಂದು ಕರೆಯುವುದು ನ್ಯಾಯವಲ್ಲ.